ತೊಂಬತ್ತಾರಕ್ಕೆ ನಿಂತ ಆನ್‌ಲೈನ್ ತರಬೇತಿ: ಯಾರಿಗೆ ತೋರಿಸಬೇಕು?

"ಸರ, ತೊಂಬತ್ತಾರ್ ಪರ್ಸೆಂಟಿಗಿ ನಿಂತ್ಬಿಟ್ಟದ್ರಿ. ಮುಂದ ಹೋಗವಲ್ದು. ನಾಳಿ ಲಾಸ್ಟ್ ಡೇಟ್ ಅದ, ಏನ್ ಮಾಡ್ಲಿ?"

ಇಂಥ ಫೋನು ನನಗೆ ಹೊಸದಲ್ಲ. ಕಲಬುರಗಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಮಾಸ್ತರಿಕೆ ನನ್ನ ಕೆಲಸ. ಶಿಕ್ಷಕರಿಗೆ ಕಂಪ್ಯೂಟರ್ ಕಲಿಸುವ ಟಾಲ್ಪ್ ತರಬೇತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂತು ನಾಲ್ಕು ಪ್ರಶ್ನೆ ಹೆಚ್ಚಿಗೆ ಕೇಳಿದ್ದೇ ತಪ್ಪಾಯಿತು. ಅಂದಿನಿಂದ ಕಂಪ್ಯೂಟರ್ ಬಲ್ಲವರು ಎಂಬ ಹೆಸರು ಅಂಟಿಕೊಂಡಿದೆ. 2020ರ ಅಕ್ಟೋಬರಿನಲ್ಲಿ ಶಿಕ್ಷಕರ ನಿಷ್ಠಾ ತರಬೇತಿ ದೀಕ್ಷಾ ಎಂಬ ಆನ್‌ಲೈನ್ ಕಲಿಕೆಯ ವೇದಿಕೆಗೆ ಬಂದು, ಪ್ರಾಥಮಿಕ ಶಾಲೆಯವರು 18 ಮಾಡ್ಯೂಲುಗಳನ್ನು ಮನೆಯಲ್ಲೇ ಕೂತು ಮುಗಿಸಬೇಕಾಯಿತಲ್ಲ, ಆಗ ಶುರುವಾದ ಕರೆಗಳು ಇನ್ನೂ ನಿಂತಿಲ್ಲ. ಈಗ ಶಿಕ್ಷಕರಷ್ಟೇ ಅಲ್ಲ, ಸರ್ಕಾರಿ ನೌಕರರ ಕರ್ಮಯೋಗಿ ಕೋರ್ಸು ಮಾಡುವ ಕಚೇರಿಯವರು, ಕೇಂದ್ರದ ಆನ್‌ಲೈನ್ ಕೋರ್ಸುಗಳ ವೇದಿಕೆಯಾದ ಸ್ವಯಂನಲ್ಲಿ ಹೆಸರು ಹಚ್ಚಿದ ಕಾಲೇಜು ಹುಡುಗರು ಎಲ್ಲರೂ ಕೇಳುವುದು ಒಂದೇ: ಇದನ್ನು ಯಾರಿಗೆ ತೋರಿಸಲಿ? ಮನೆಯ ಹುಡುಗನಿಗೋ, ಇಲಾಖೆಯ ಸಿಆರ್‌ಪಿಗೋ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಆನ್‌ಲೈನ್ ಅಂಗಡಿಗೋ, ಇಲ್ಲ ತರಬೇತಿ ನಡೆಸುವವರ ಹೆಲ್ಪ್‌ಡೆಸ್ಕಿಗೆ ಬರೆಯಲೋ?

ಎಲ್ಲರಿಗೂ ಒಂದೇ ಉತ್ತರ ಹೇಳಲು ಬರುವುದಿಲ್ಲ. ಆದರೆ ಯಾರ ಹತ್ತಿರ ಹೋಗುವ ಮುಂಚೆಯೂ ಮೂರು ಸಂಗತಿ ನೋಡಿಕೊಂಡರೆ ಅರ್ಧ ಓಡಾಟ ಉಳಿಯುತ್ತದೆ.

ಮೊದಲನೆಯದು, ಗಂಟು ಎಲ್ಲಿ ಬಿದ್ದಿದೆ ಎಂಬುದು. ಅದು ನಿಮ್ಮ ಫೋನಿನಲ್ಲಿರಬಹುದು, ನಿಮ್ಮ ಖಾತೆಯಲ್ಲಿರಬಹುದು, ಇಲ್ಲವೇ ತರಬೇತಿ ನಡೆಸುವವರ ಸರ್ವರಿನಲ್ಲಿರಬಹುದು. ಪತ್ತೆ ಹಚ್ಚಲು ಸುಲಭದ ದಾರಿಯಿದೆ. ನಿಮ್ಮದೇ ಖಾತೆಯಿಂದ ಇನ್ನೊಬ್ಬರ ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ತೆರೆದು ನೋಡಿ. ಅಲ್ಲಿ ಸರಿಯಾಗಿ ನಡೆದರೆ ದೋಷ ನಿಮ್ಮ ಫೋನಿನದು. ಅಲ್ಲೂ ನಿಂತು, ಪಕ್ಕದ ಶಿಕ್ಷಕರ ಖಾತೆಯಲ್ಲಿ ಅದೇ ಪಾಠ ಓಡಿದರೆ ದೋಷ ನಿಮ್ಮ ಖಾತೆಯದು. ಯಾರದೂ ಓಡದಿದ್ದರೆ ಸರ್ವರ್ ಕುಂತಿದೆ. ಚಹಾ ಕುಡಿದು ರಾತ್ರಿ ಹತ್ತರ ಮೇಲೆ ನೋಡಿ. ಫೋನಿನ ಗಂಟನ್ನು ಹೆಲ್ಪ್‌ಡೆಸ್ಕಿನವರು ಬಿಡಿಸಲಾರರು, ಸರ್ವರಿನ ಗಂಟನ್ನು ನಿಮ್ಮ ಮಗ ಬಿಡಿಸಲಾರ. ಇದು ಗೊತ್ತಿಲ್ಲದೆಯೇ ಜನ ಅಲೆಯುತ್ತಾರೆ.

ಎರಡನೆಯದು, ಕೈಯಲ್ಲಿ ಎಷ್ಟು ದಿನ ಇವೆ. ಮೂರನೆಯದನ್ನು ನಮ್ಮವರು ಕೊನೆಗೆ ಯೋಚಿಸುತ್ತಾರೆ, ನಾನು ಮೊದಲಿಗೇ ಯೋಚಿಸಿ ಎನ್ನುತ್ತೇನೆ: ಈ ಸಹಾಯಕ್ಕಾಗಿ ನನ್ನ ಒಟಿಪಿ, ಪಾಸ್‌ವರ್ಡ್ ಯಾರ ಕೈಗೆ ಹೋಗುತ್ತದೆ? ದುಡ್ಡಿನ ಮಾತು ಇದರ ನಂತರ. ಇಪ್ಪತ್ತು-ಐವತ್ತು ರೂಪಾಯಿ ಹೋದರೆ ಹೋಗಲಿ, ಒಂದು ದಿನದ ರಜೆ ಹೋಗುವುದೇ ಹೆಚ್ಚಿನ ಖರ್ಚು.

ಮೊದಲು ನೀವೇ, ಅರ್ಧ ಗಂಟೆ

ಇದು ಪುಕ್ಕಟೆ, ಒಟಿಪಿ ಹೊರಗೆ ಹೋಗುವುದಿಲ್ಲ. ನನಗೆ ಬರುವ ಕರೆಗಳಲ್ಲಿ ಬಹಳಷ್ಟು ಇಲ್ಲೇ ಮುಗಿಯುತ್ತವೆ.

ತೊಂಬತ್ತಾರಕ್ಕೆ ನಿಂತಿದೆ ಎಂದರೆ ಹೆಚ್ಚಾಗಿ ಎಲ್ಲೋ ಒಂದು ತುಣುಕು ಉಳಿದಿರುತ್ತದೆ. ವಿಡಿಯೊವನ್ನು ಎಳೆದು ಮುಂದೆ ಓಡಿಸಿದ್ದರೆ ಅದನ್ನು ನೋಡಿದ ಲೆಕ್ಕಕ್ಕೆ ಹಿಡಿಯದಿರಬಹುದು. ಪಿಡಿಎಫ್ ತೆರೆದು ಮೊದಲ ಪುಟಕ್ಕೇ ಮುಚ್ಚಿರುತ್ತೀರಿ. ರಸಪ್ರಶ್ನೆ ಬರೆದು 'ಸಲ್ಲಿಸು' ಒತ್ತಿರುವುದಿಲ್ಲ. ಪಾಠದ ಪಟ್ಟಿಯನ್ನು ಮೇಲಿನಿಂದ ಕೆಳಗೆ ಒಮ್ಮೆ ಸಾವಕಾಶವಾಗಿ ನೋಡಿ, ಸರಿ ಗುರುತು ಬೀಳದ ತುಣುಕು ಕಣ್ಣಿಗೆ ಬೀಳುತ್ತದೆ.

ಎಲ್ಲಕ್ಕೂ ಸರಿ ಗುರುತು ಇದ್ದೂ ಶೇಕಡಾವಾರು ಏರದಿದ್ದರೆ, ನೀವು ಮಾಡಿದ್ದು ಫೋನಿನಲ್ಲೇ ಕೂತಿದೆ, ಸರ್ವರಿಗೆ ಮುಟ್ಟಿಲ್ಲ. ನೆಟ್‌ವರ್ಕ್ ಬಂದು ಹೋಗುವ ನಮ್ಮ ಹಳ್ಳಿಗಳಲ್ಲಿ ಇದು ದಿನದ ಮಾತು. ದೀಕ್ಷಾ ಆ್ಯಪಿನಲ್ಲಿ ಕೋರ್ಸಿನ ಪುಟದ ಮೇಲ್ಗಡೆ ಮೂರು ಚುಕ್ಕಿ ಇರುತ್ತವೆ. ಅವನ್ನು ಒತ್ತಿದರೆ ಪ್ರಗತಿಯನ್ನು ಸಿಂಕ್ ಮಾಡುವ ಆಯ್ಕೆ ಬರುತ್ತದೆ. ಒಳ್ಳೆಯ ಸಿಗ್ನಲ್ ಇರುವಲ್ಲಿ ನಿಂತು ಅದನ್ನು ಒತ್ತಿ. ಒಂದು ಎಚ್ಚರಿಕೆ: ಸಿಂಕ್ ಆಗುವ ಮುಂಚೆ ಆ್ಯಪ್ ಅಳಿಸಿ ಮತ್ತೆ ಹಾಕಿಕೊಳ್ಳಬೇಡಿ. "ಅನ್‌ಇನ್‌ಸ್ಟಾಲ್ ಮಾಡಿ ನೋಡ್ರಿ" ಎಂಬುದು ವಾಟ್ಸಾಪ್ ಗುಂಪುಗಳಲ್ಲಿ ಎಲ್ಲ ರೋಗಕ್ಕೂ ಹೇಳುವ ಮದ್ದು. ಫೋನಿನಲ್ಲಿ ಕೂತಿದ್ದ ನಿಮ್ಮ ಎರಡು ದಿನದ ಓದು ಅದರ ಸಂಗಡವೇ ಹೋಗುತ್ತದೆ.

ಪುಟವೇ ತೆರೆಯದಿದ್ದರೆ ಫೋನಿನ ತಾರೀಖು, ಸಮಯ ಸರಿ ಇವೆಯೇ ನೋಡಿ. ಬ್ಯಾಟರಿ ಪೂರ್ತಿ ಇಳಿದು ಎದ್ದ ಹಳೆಯ ಫೋನುಗಳಲ್ಲಿ ಗಡಿಯಾರ ಹಿಂದೆ ಹೋಗಿ, ಸುರಕ್ಷಿತ ಸಂಪರ್ಕ ಸಿಗುತ್ತಿಲ್ಲ ಎಂಬ ದೂರು ಬರುತ್ತದೆ. ಕಂಪ್ಯೂಟರಿನಲ್ಲಿ ಹಳೆಯ ತರಬೇತಿಯ ಪ್ರೆಸೆಂಟೇಶನ್ ಬಿಳಿ ಹಾಳೆಯಾಗಿ ಕಂಡರೆ ಅದು ಫ್ಲ್ಯಾಶ್‌ನಲ್ಲಿ ಮಾಡಿದ್ದಿರಬಹುದು. ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಮುಗಿದ ಕಥೆ. ಅದಕ್ಕೆ ನೀವು ಎಷ್ಟು ತಲೆ ಕೆಡಿಸಿಕೊಂಡರೂ ಉಪಯೋಗವಿಲ್ಲ, ಹೊಸ ಪ್ರತಿ ಕೇಳಬೇಕು.

ಅರ್ಧ ಗಂಟೆಯ ಮೇಲೆ ಮಾತ್ರ ಹಟ ಹಿಡಿಯಬೇಡಿ. ಇನ್ನೊಬ್ಬರನ್ನು ಕೇಳಿ.

ಮನೆಯ ಹುಡುಗರು, ಪಕ್ಕದ ಶಿಕ್ಷಕರು

ಫೋನಿನ ಗಂಟಿಗೆ ಇವರಷ್ಟು ಚುರುಕು ಬೇರೆ ಯಾರೂ ಇಲ್ಲ. ಆದರೆ ಇವರ ಬೆರಳು ಬಲು ಜೋರು. ನೀವು ಕನ್ನಡಕ ಹಾಕಿಕೊಳ್ಳುವುದರೊಳಗೆ ಹೊಸ ಖಾತೆಯೊಂದನ್ನು ತೆರೆದಿರುತ್ತಾರೆ.

ನಾನು ಕಂಡ ತಂಟೆಗಳಲ್ಲಿ ದೊಡ್ಡದು ಇದೇ. ಶಿಕ್ಷಕಿಯೊಬ್ಬರು ಮೊಬೈಲ್ ನಂಬರಿನಿಂದ ಖಾತೆ ಮಾಡಿಕೊಂಡು ಅರ್ಧ ಕೋರ್ಸು ಮುಗಿಸಿದ್ದರು. ಪಾಸ್‌ವರ್ಡ್ ಮರೆತಾಗ ಅಳಿಯ ಗೂಗಲ್ ಖಾತೆಯಿಂದ ಒಳಗೆ ಹೋಗಿ ಕೊಟ್ಟ. ಆ್ಯಪ್ ಒಂದೇ, ಮುಖಪುಟ ಒಂದೇ, ಒಳಗಿನ ಖಾತೆ ಬೇರೆ. ಉಳಿದರ್ಧ ಅದರಲ್ಲಿ ಮುಗಿಸಿದರು. ಎರಡು ಖಾತೆ, ಎರಡೂ ಅರ್ಧರ್ಧ, ಸರ್ಟಿಫಿಕೇಟ್ ಯಾವುದಕ್ಕೂ ಇಲ್ಲ. ದೀಕ್ಷಾದಲ್ಲಿ ಖಾತೆಗಳನ್ನು ಕೂಡಿಸುವ ಸೌಲಭ್ಯವಿದೆ. ಆದರೆ ಅದು ಆಟದ ಮಾತಲ್ಲ, ಯಾವುದನ್ನು ಉಳಿಸಿ ಯಾವುದನ್ನು ಬಿಡಬೇಕೆಂದು ತಿಳಿದೇ ಕೈ ಹಾಕಬೇಕು. ಹುಡುಗರಿಗೆ ಫೋನ್ ಕೊಡುವಾಗ ಒಂದೇ ಮಾತು ಹೇಳಿ: "ಏನರ ಮಾಡು ತಮ್ಮಾ, ಲಾಗೌಟ್ ಮಾತ್ರ ಮಾಡಬ್ಯಾಡ."

ಸಿಆರ್‌ಪಿ, ಬಿಆರ್‌ಸಿ, ಡಯಟ್

ಬಿಆರ್‌ಸಿ ಎಂದರೆ ಬ್ಲಾಕಿನ ಸಂಪನ್ಮೂಲ ಕೇಂದ್ರ, ಡಯಟ್ ಎಂದರೆ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ. ಇಲಾಖೆಯ ತರಬೇತಿಯಾದರೆ ಈ ದಾರಿಗೆ ಒಂದು ಬಲವಿದೆ: ಕೆಳಗಿನ ಮಾತು ಮೇಲೆ ಮುಟ್ಟುತ್ತದೆ. ಕೊನೆಯ ದಿನಾಂಕ ಮುಂದೆ ಹೋಗಿದೆಯೇ, ನೀವು ಸೇರಿದ ಬ್ಯಾಚು ನಿಮ್ಮ ಜಿಲ್ಲೆಯದೇ, ಬ್ಲಾಕಿನಲ್ಲಿ ಎಷ್ಟು ಜನಕ್ಕೆ ಹೀಗಾಗಿದೆ ಎಂಬುದು ಇವರಿಗೆ ನಿಮಗಿಂತ ಮೊದಲು ಗೊತ್ತಾಗುತ್ತದೆ. ಒಬ್ಬರ ದೂರು ದೂರಾಗಿಯೇ ಉಳಿಯುತ್ತದೆ, ನಲವತ್ತು ಹೆಸರಿನ ಪಟ್ಟಿಯಾಗಿ ಹೋದರೆ ಕೆಲಸವಾಗುತ್ತದೆ.

ಆದರೆ ಸಿಆರ್‌ಪಿ ಸರ್ವರಿನ ಒಡೆಯರಲ್ಲ. ನಿಮ್ಮ ಅಂಕ ತಿದ್ದುವುದು, ಸರ್ಟಿಫಿಕೇಟ್ ಹೊರಡಿಸುವುದು ಅವರ ಕೈಯಲ್ಲಿಲ್ಲ. ಹತ್ತು-ಹದಿನೈದು ಶಾಲೆ ಸುತ್ತುವವರ ಮುಂದೆ ಪಾಸ್‌ವರ್ಡ್ ಮರೆತ ಕಥೆ ಹೇಳಿದರೆ ಅವರಿಗೂ ಬೇಸರ.

ಹೋಗುವುದಾದರೆ ವೇಳೆ ನೋಡಿಕೊಂಡು ಹೋಗಿ. ಬೇಸಿಗೆಯಲ್ಲಿ, ಏಪ್ರಿಲ್-ಮೇ ತಿಂಗಳಲ್ಲಿ, ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗಿನ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಯಡ್ರಾಮಿಯಿಂದಲೋ ಹುಣಸಗಿಯಿಂದಲೋ ಊಟ ಮುಗಿಸಿ ಹೊರಟು, ಆ ಬಿಸಿಲಿನಲ್ಲಿ ಮೂರು ಗಂಟೆಗೆ ಬಂದು ಬೀಗ ನೋಡಿ ಹೋದವರಿದ್ದಾರೆ. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್ 11ರಿಂದ, ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ. ಹಾಗಾಗಿ ಶಿಕ್ಷಕಿಯರಿಗೆ ತಾಲ್ಲೂಕಿಗೆ ಹೋಗಿ ಬರುವುದು ದುಡ್ಡಿನ ಪ್ರಶ್ನೆಯಾಗಿ ಉಳಿದಿಲ್ಲ, ಹೊತ್ತಿನ ಪ್ರಶ್ನೆಯಾಗಿದೆ.

ಹೆಲ್ಪ್‌ಡೆಸ್ಕ್

ನಮ್ಮವರು ಇದನ್ನು ನಂಬುವುದೇ ಇಲ್ಲ. "ದಿಲ್ಲಿಗಿ ಬರದ್ರ ಯಾರ್ ನೋಡ್ತಾರ್ರಿ?" ಎನ್ನುತ್ತಾರೆ. ನಿಜ, ತಡವಾಗುತ್ತದೆ. ಒಂದೆರಡು ಸಲ ಉತ್ತರ ಬಾರದೇ ನಾನೂ ಕೈ ಚೆಲ್ಲಿದ್ದೇನೆ. ಆದರೆ ಖಾತೆಯ ಗಂಟು, ಸರ್ವರಿನ ಗಂಟು ಬಿಚ್ಚುವ ಅಧಿಕಾರ ಇರುವುದು ಇವರಿಗೊಬ್ಬರಿಗೇ. ಉಳಿದವರೆಲ್ಲ ಸುತ್ತ ನಿಂತು ಸಲಹೆ ಕೊಡುವವರು. ಇವರಿಗೆ ಒಟಿಪಿ ಕೊಡುವ ಪ್ರಸಂಗವೂ ಇಲ್ಲ; ಹೆಲ್ಪ್‌ಡೆಸ್ಕಿನಿಂದ ಎಂದು ಹೇಳಿ ಯಾರಾದರೂ ಒಟಿಪಿ ಕೇಳಿದರೆ ಅವರು ಹೆಲ್ಪ್‌ಡೆಸ್ಕಿನವರಲ್ಲ, ಫೋನ್ ಇಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ದೂರು ಬರೆಯುವ ರೀತಿಯಲ್ಲೇ ಅರ್ಧ ಕೆಲಸ ಅಡಗಿದೆ. "ಸರ್ಟಿಫಿಕೇಟ್ ಬಂದಿಲ್ಲ, ದಯವಿಟ್ಟು ಕಳಿಸಿ" ಎಂದಷ್ಟೇ ಬರೆದರೆ, ಯಾವ ಕೋರ್ಸು, ಯಾವ ನಂಬರು ಎಂದು ಅವರು ಕೇಳುತ್ತಾರೆ, ನೀವು ಅದನ್ನು ನಾಲ್ಕು ದಿನ ಬಿಟ್ಟು ನೋಡುತ್ತೀರಿ. ಮೊದಲ ಪತ್ರದಲ್ಲೇ ಇಷ್ಟು ಇರಲಿ: ಖಾತೆಗೆ ಜೋಡಿಸಿದ ಮೊಬೈಲ್ ಅಥವಾ ಇಮೇಲ್, ಕೋರ್ಸಿನ ಪೂರ್ತಿ ಹೆಸರು ಮತ್ತು ಬ್ಯಾಚು, ಮುಗಿಸಿದ ತಾರೀಖು, ಮೌಲ್ಯಮಾಪನದಲ್ಲಿ ಬಂದ ಅಂಕ, ಫೋನಿನಲ್ಲೋ ಕಂಪ್ಯೂಟರಿನಲ್ಲೋ, ಮತ್ತು ತಾರೀಖು ಕಾಣುವ ಹಾಗೆ ತೆಗೆದ ಸ್ಕ್ರೀನ್‌ಶಾಟ್. ಕೇಂದ್ರದ ವೇದಿಕೆಗೆ ಸರಳ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದರೆ ಬೇಗ ಸಾಗುತ್ತದೆ ಎಂಬುದು ನನ್ನ ಅನುಭವ; ಕನ್ನಡದಲ್ಲಿ ಬರೆಯಬಾರದೆಂದಲ್ಲ. ಬಂದ ದೂರಿನ ಸಂಖ್ಯೆಯನ್ನು ಡೈರಿಯಲ್ಲಿ ಬರೆದಿಡಿ. ನಾಳೆ ಯಾರಾದರೂ "ತರಬೇತಿ ಮುಗಿಸಿಲ್ಲ" ಎಂದು ನೋಟಿಸು ಕೊಟ್ಟರೆ ಆ ಸಂಖ್ಯೆಯೇ ನಿಮ್ಮ ಸಾಕ್ಷಿ.

ಬರೆಯುವ ಮುಂಚೆ ಸರ್ಟಿಫಿಕೇಟಿಗೆ ನೀವು ಅರ್ಹರೇ ಎಂದೂ ನೋಡಿಕೊಳ್ಳಿ. ನಿಷ್ಠಾದ ಕೆಲವು ಕೋರ್ಸುಗಳಲ್ಲಿ ನೂರಕ್ಕೆ ನೂರು ನೋಡಿದರಷ್ಟೇ ಸಾಲದು, ಕೊನೆಯ ಮೌಲ್ಯಮಾಪನದಲ್ಲಿ 70 ಪ್ರತಿಶತ ಬರಬೇಕೆಂಬ ನಿಯಮವಿತ್ತು. ಅರವತ್ತೈದು ಬಂದವರು ಸರ್ವರನ್ನು ಬೈದದ್ದು ಕೇಳಿದ್ದೇನೆ. ಸ್ವಯಂನ ರೀತಿಯೇ ಬೇರೆ. ಅಲ್ಲಿ ಐಐಟಿಯವರು ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ಸಾಮಾನ್ಯವಾಗಿ ವಾರವಾರದ ಅಸೈನ್‌ಮೆಂಟಿಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. ಅಸೈನ್‌ಮೆಂಟಿನಲ್ಲಿ ಕನಿಷ್ಠ 10, ಪರೀಕ್ಷೆಯಲ್ಲಿ ಕನಿಷ್ಠ 30 ಎರಡೂ ಬರಬೇಕು. ಪಾಠ ಎಲ್ಲ ನೋಡಿ, ಪರೀಕ್ಷೆಗೆ ಹೆಸರು ಹಚ್ಚದೇ ಬಿಟ್ಟ ಹುಡುಗನಿಗೆ ಯಾವ ಹೆಲ್ಪ್‌ಡೆಸ್ಕೂ ಏನೂ ಮಾಡಲಾರದು. ಎಲ್ಲ ಸರಿಯಿದ್ದರೂ ಸರ್ಟಿಫಿಕೇಟ್ ಕೂಡಲೇ ಬರಬೇಕೆಂದಿಲ್ಲ. ವಾರ, ಹತ್ತು ದಿನ ಕಾದು ಆಮೇಲೆ ಬರೆಯಿರಿ.

ಆನ್‌ಲೈನ್ ಅಂಗಡಿ

ಸೇಡಂ ಇರಲಿ, ಭಾಲ್ಕಿ ಇರಲಿ, ಸುರಪುರ ಇರಲಿ, ಬಸ್‌ಸ್ಟ್ಯಾಂಡಿನ ಎದುರು ಇಂಥ ನಾಲ್ಕು ಅಂಗಡಿ ಇದ್ದೇ ಇರುತ್ತವೆ. ಪ್ರಿಂಟು, ಲ್ಯಾಮಿನೇಶನ್, ಫೋಟೊ ಚಿಕ್ಕದು ಮಾಡುವುದು, ಪಿಡಿಎಫ್ ಗಾತ್ರ ಇಳಿಸುವುದು, ಐದಾರು ಸರ್ಟಿಫಿಕೇಟು ಒಂದೇ ಕಡತಕ್ಕೆ ಸೇರಿಸುವುದು, ಇವುಗಳಲ್ಲಿ ಅವರ ಕೈ ಹಿಡಿಯುವವರಿಲ್ಲ. ಹತ್ತು ನಿಮಿಷ, ಇಪ್ಪತ್ತು-ಮೂವತ್ತು ರೂಪಾಯಿ, ಕೆಲಸ ಮುಗಿಯಿತು. ಇಂಥದ್ದಕ್ಕೆ ಮನೆಯಲ್ಲಿ ಎರಡು ತಾಸು ಹೆಣಗುವುದಕ್ಕಿಂತ ಅಂಗಡಿಯೇ ಮೇಲು.

ಲಾಗಿನ್ ಬೇಕಾದ ಕೆಲಸಕ್ಕೆ ಮಾತ್ರ ನನ್ನ ಮನಸ್ಸು ಹಿಂಜರಿಯುತ್ತದೆ. ಅಂಗಡಿಯವರು ಕೆಟ್ಟವರೆಂದಲ್ಲ. ಒಂದೇ ಕಂಪ್ಯೂಟರಿನಲ್ಲಿ ದಿನಕ್ಕೆ ನೂರು ಜನರ ಖಾತೆ ತೆರೆಯುತ್ತವೆ, ಪಾಸ್‌ವರ್ಡನ್ನು ಬ್ರೌಸರ್ ತಾನೇ ನೆನಪಿಟ್ಟುಕೊಳ್ಳುತ್ತದೆ, ನಿಮ್ಮ ಆಧಾರ್ ಕಾರ್ಡಿನ ಪ್ರತಿ ಡೌನ್‌ಲೋಡ್ಸ್‌ನಲ್ಲಿ ಹಾಗೇ ಬಿದ್ದಿರುತ್ತದೆ. ಹೋಗಲೇಬೇಕಾದರೆ ಬ್ರೌಸರಿನಲ್ಲಿ ಗುರುತು ಉಳಿಸದ ಇನ್‌ಕಾಗ್ನಿಟೊ ಕಿಟಕಿ ತೆರೆಯಲು ಹೇಳಿ, ಪಾಸ್‌ವರ್ಡನ್ನು ನೀವೇ ಒತ್ತಿ, ಒಟಿಪಿಯನ್ನು ಬಾಯಿಂದ ಕೂಗಿ ಹೇಳಬೇಡಿ. ಎದ್ದು ಬರುವಾಗ ಲಾಗೌಟ್ ಆಗಿ, ಕಡತ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿಸಿ. ಅದಕ್ಕಿಂತ ಸುಲಭದ ದಾರಿ: ಸರ್ಟಿಫಿಕೇಟನ್ನು ನಿಮ್ಮ ಫೋನಿನಲ್ಲೇ ಇಳಿಸಿಕೊಂಡು, ಪ್ರಿಂಟಿಗೆ ಮಾತ್ರ ಅಂಗಡಿಗೆ ಕಳಿಸುವುದು.

"ನೀವು ಕೂಡೋದೇ ಬ್ಯಾಡ್ರಿ, ಕೋರ್ಸು ನಾವೇ ಮುಗಿಸಿ ಕೊಡ್ತೀವಿ" ಎನ್ನುವವರೂ ಕೆಲವು ಕಡೆ ಇದ್ದಾರೆ. ನೂರೋ ಇನ್ನೂರೋ ಕೊಟ್ಟು ಮುಗಿಸಿಕೊಂಡವರನ್ನು ನಾನು ನೋಡಿದ್ದೇನೆ, ಅವರ ಮೇಲೆ ಸಿಟ್ಟೂ ಇಲ್ಲ. ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕದ ನಡುವೆ ಮಾಡ್ಯೂಲಿಗೆ ಹೊತ್ತು ಎಲ್ಲಿಂದ ತರಬೇಕು? ಆದರೂ ನಿಮ್ಮ ಖಾತೆಯ ಕೀಲಿ ಪರರ ಕೈಯಲ್ಲಿರುತ್ತದೆ. ಎಡಿಟ್ ಮಾಡಿ ಹೆಸರು ಕೂರಿಸಿದ ಸರ್ಟಿಫಿಕೇಟ್ ಕೊಟ್ಟರಂತೂ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದೊಡನೆ ಬೇರೆಯವರ ಹೆಸರು ಎದ್ದು ಬರುತ್ತದೆ. ಆಗ ಉತ್ತರ ಕೊಡಬೇಕಾದವರು ನೀವು, ಅಂಗಡಿಯವರಲ್ಲ.

ಪಿಪಿಟಿ ಮಾಡುವುದೊಂದು ಬೇರೆ ಕಷ್ಟ

ಕೆಲವು ತರಬೇತಿಗಳಲ್ಲಿ ಕೊನೆಗೆ ನಾವೇ ಒಂದು ಪ್ರೆಸೆಂಟೇಶನ್ ಮಾಡಿ ಒಪ್ಪಿಸಬೇಕು. ಅಂಗಡಿಯಲ್ಲಿ ಮಾಡಿಸಿದರೆ ಸ್ಲೈಡಿಗಿಷ್ಟು ಎಂದು ದುಡ್ಡು, ನೋಡಲು ಚೆಂದ. ಆದರೆ ಕನ್ನಡದ ಪಿಪಿಟಿಗೆ ಒಂದು ಪ್ರಶ್ನೆ ಕೇಳದೇ ಮುಂಗಡ ಕೊಡಬೇಡಿ: ಯೂನಿಕೋಡಿನಲ್ಲಿ ಟೈಪ್ ಮಾಡುತ್ತೀರಾ, ಇಲ್ಲ ಹಳೆಯ ನುಡಿ ಫಾಂಟಿನಲ್ಲಾ?

ಕೇಳದೇ ಕೆಟ್ಟವನು ನಾನು. ಕಲಬುರಗಿಯ ಒಂದು ಅಂಗಡಿಯಲ್ಲಿ ಇಪ್ಪತ್ತು ಸ್ಲೈಡ್ ಮಾಡಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಒಯ್ದೆ. ಸಭೆಯಲ್ಲಿ ತೆರೆದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿ. ವಚನವೊಂದನ್ನು ಹಾಕಿದ್ದೆ, ಅದು ಮಂತ್ರದ ಹಾಗೆ ಕಾಣುತ್ತಿತ್ತು. ಆ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇರಲಿಲ್ಲ, ಅಷ್ಟೇ ಕಾರಣ. ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಫಾಂಟ್ ಇಲ್ಲದಲ್ಲಿ ಅಡಿಯಲ್ಲಿರುವ ಇಂಗ್ಲಿಷೇ ಹೊರಗೆ ಬರುತ್ತದೆ. ಕನ್ನಡದ ಅಕ್ಷರಗಳಿಗೆ ತಮ್ಮದೇ ಜಾಗವಿರುವ ಯೂನಿಕೋಡಿಗೆ ಈ ತೊಂದರೆ ಇಲ್ಲ. ವಿಂಡೋಸಿನಲ್ಲಿ ತುಂಗಾ ಅಥವಾ ನಿರ್ಮಲಾ ಯುಐ ಫಾಂಟ್ ಇರುತ್ತದೆ. ಫೋನಿನಲ್ಲಿ ಗೂಗಲ್ ಸ್ಲೈಡ್ಸ್ ತೆರೆದು, ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೂ ಬರಹವಾಗುತ್ತದೆ. ನಮ್ಮ ಕಡೆಯ ಮಾತು ಅದಕ್ಕೆ ಅಷ್ಟಾಗಿ ತಿಳಿಯುವುದಿಲ್ಲ, ಪುಸ್ತಕದ ಕನ್ನಡ ಆಡಬೇಕು.

ಹತ್ತು ಸ್ಲೈಡಿನ ಒಳಗಿದ್ದರೆ ನೀವೇ ಮಾಡಿ. ಚಿತ್ರ, ನಕ್ಷೆ, ವಿಡಿಯೊ ಸೇರಿಸುವುದಿದ್ದು ಕೈಯಲ್ಲಿ ಎರಡೇ ದಿನ ಇದ್ದರೆ ಅಂಗಡಿಗೆ ಕೊಡಿ. ಎಲ್ಲಿ ಮಾಡಿಸಿದರೂ ಸಂಗಡ ಒಂದು ಪಿಡಿಎಫ್ ಪ್ರತಿ ಇಸಿದುಕೊಳ್ಳಿ, ಅದರಲ್ಲಿ ಅಕ್ಷರ ಕೆಡುವುದಿಲ್ಲ.

ಹೆಸರಿನ ತಪ್ಪು

ಇದು ನಮ್ಮ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ರೋಗ. ಶರಣಬಸಪ್ಪ ಎಂಬ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ಆಧಾರ್ ಕಾರ್ಡಿನಲ್ಲಿ ಒಂದು ತರಹ, ಸೇವಾ ಪುಸ್ತಕದಲ್ಲಿ ಇನ್ನೊಂದು ತರಹ, ಬ್ಯಾಂಕಿನಲ್ಲಿ ಮತ್ತೊಂದು ತರಹ ಬರೆದಿರುತ್ತಾರೆ. ನಾವು ಮಾತಿನಲ್ಲಿ 'ಶರಣ್ಬಸಪ್ಪ' ಎಂದೇ ಅನ್ನುವುದರಿಂದ ನಡುವಿನ 'ಎ' ಒಮ್ಮೆ ಇರುತ್ತದೆ, ಒಮ್ಮೆ ಹಾರಿಹೋಗಿರುತ್ತದೆ. ಸರ್ಟಿಫಿಕೇಟಿನ ಮೇಲೆ ಬೀಳುವುದು ನಿಮ್ಮ ಪ್ರೊಫೈಲಿನಲ್ಲಿರುವ ಹೆಸರು. ಬಂದ ಮೇಲೆ ಪ್ರೊಫೈಲ್ ತಿದ್ದಿದರೆ ಹಳೆಯ ಸರ್ಟಿಫಿಕೇಟ್ ಸಾಮಾನ್ಯವಾಗಿ ತಾನಾಗಿ ಬದಲಾಗುವುದಿಲ್ಲ, ಮರುಹೊರಡಿಸಲು ಹೆಲ್ಪ್‌ಡೆಸ್ಕಿಗೇ ಬರೆಯಬೇಕು. ಅಂಗಡಿಯಲ್ಲಿ ಫೋಟೊಶಾಪ್ ಮಾಡಿಸುವ ಆಸೆ ಬೇಡ. ಕೋರ್ಸಿಗೆ ಸೇರುವ ದಿನವೇ ಸೇವಾ ಪುಸ್ತಕ ಪಕ್ಕಕ್ಕಿಟ್ಟುಕೊಂಡು ಅಕ್ಷರ ಅಕ್ಷರ ಹೊಂದಿಸಿ ನೋಡಿ.

ಇನ್ನು ಆ ತೊಂಬತ್ತಾರು ಪರ್ಸೆಂಟಿನ ಫೋನಿಗೆ ಬರುತ್ತೇನೆ. ಕರೆ ಮಾಡಿದವರು ಚಿಂಚೋಳಿ ಕಡೆಯ ಶಿಕ್ಷಕಿ. ಮರುದಿನವೇ ಕೊನೆ ಎಂದರೆ ಹೆಲ್ಪ್‌ಡೆಸ್ಕಿನಿಂದ ಉತ್ತರ ಬರುವಷ್ಟು ಹೊತ್ತಿಲ್ಲ, ಬಿಆರ್‌ಸಿ ಮುಚ್ಚಿತ್ತು. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ ಎಂದೆ, ಆಮೇಲೆ ಸಿಂಕ್ ಒತ್ತಿ. ಆಗಲಿಲ್ಲ. ಮಹಡಿ ಮೇಲೆ ಹೋಗಿ, ಮಗಳ ಫೋನಿನ ಹಾಟ್‌ಸ್ಪಾಟ್ ಹಚ್ಚಿಕೊಂಡು ಮತ್ತೆ ಒತ್ತಿದರು. ಆಗಲೂ ಇಲ್ಲ. ಪಟ್ಟಿ ಓದಿಸಿದೆ: ಮೂರನೆಯ ಪಾಠದ ಪಿಡಿಎಫ್ ಒಂದಕ್ಕೆ ಗುರುತು ಬಿದ್ದಿರಲಿಲ್ಲ. ಕೊನೆಯ ಪುಟದವರೆಗೆ ಸರಿಸಿ ಹೊರಬಂದು ಸಿಂಕ್ ಒತ್ತಿದ ಮೇಲೆ ನೂರಾಯಿತು. ಆದರೂ ಆ ಸ್ಕ್ರೀನ್‌ಶಾಟನ್ನು ಅದೇ ರಾತ್ರಿ ಸಿಆರ್‌ಪಿಗೆ ಕಳಿಸಿಟ್ಟಿರಲು ಹೇಳಿದೆ, ಇರಲಿ ಎಂದು.

ಒಂಬತ್ತು ದಿನದ ಮೇಲೆ ಮತ್ತೆ ಅವರದೇ ಫೋನು.

"ಸರ, ಸರ್ಟಿಫಿಕೇಟ್ ಬಂತ್ರಿ. ಖರೆ, ಹೆಸರಿನ್ಯಾಗ ಒಂದ್ 'ಎ' ಕಡಿಮಿ ಅದ."